ಕಾರ್ಯಭಾರದಲ್ಲಿ ಬರೆಯದೇ ಉಳಿದ ಕೆಲಸ

ವಿಶ್ವವಿದ್ಯಾನಿಲಯಗಳ ಚರಿತ್ರೆ ಬರೆಯಲು ಕೂತವರಿಗೆ ಸಾಮಗ್ರಿಯ ಬರ ಇರುವುದಿಲ್ಲ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳಾಗಿ, ಎಚ್.ವಿ. ನಂಜುಂಡಯ್ಯನವರು ಕುಲಪತಿಗಳಾಗಿ ಅದನ್ನು ಕೈಗೆತ್ತಿಕೊಂಡದ್ದು, ಅಲ್ಲಿಯವರೆಗೆ ಮದರಾಸಿಗೆ ಸೇರಿದ್ದ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ತೆಕ್ಕೆಗೆ ಬಂದದ್ದು, ಮುಂದೆ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ, 1980ರಲ್ಲಿ ಮಂಗಳೂರು ಮತ್ತು ಗುಲ್ಬರ್ಗ ವಿಶ್ವವಿದ್ಯಾಲಯಗಳು ತಲೆಯೆತ್ತಿದ್ದು, ಇವೆಲ್ಲ ಆದೇಶಗಳಲ್ಲಿ, ಶಿಲಾಫಲಕಗಳಲ್ಲಿ ಭದ್ರವಾಗಿವೆ. ಸ್ಮರಣ ಸಂಚಿಕೆಗಳೂ ಇದೇ ಜಾಡಿನಲ್ಲಿ ನಡೆಯುತ್ತವೆ. ಕುಲಪತಿಗಳ ಭಾವಚಿತ್ರಗಳು, ಕಟ್ಟಡಗಳ ಉದ್ಘಾಟನೆ, ರ್‍ಯಾಂಕ್ ಬಂದವರ ಹೆಸರು, ದತ್ತಿ ಚಿನ್ನದ ಪದಕಗಳ ಪಟ್ಟಿ. ಒಂದು ಲೆಕ್ಕ ಮಾತ್ರ ಇವುಗಳಲ್ಲಿ ಸಿಗುವುದಿಲ್ಲ. ಮೊದಲ ವರ್ಷಕ್ಕೆ ಸೇರಿದವರಲ್ಲಿ ಎಷ್ಟು ಮಂದಿ ಪದವಿ ಹಿಡಿದು ಹೊರಬಂದರು? ಉಳಿದವರು ಯಾವ ತಿರುವಿನಲ್ಲಿ ಇಳಿದುಹೋದರು? ದಾಟಿದವರ ಪಕ್ಕದಲ್ಲಿ ಆ ಹೊತ್ತಿನಲ್ಲಿ ಯಾರು ನಿಂತಿದ್ದರು? ಹೀಗೆ ಪಕ್ಕದಲ್ಲಿ ನಿಲ್ಲುವ ಕೆಲಸಕ್ಕೆ ನಮ್ಮಲ್ಲಿ ದೊಡ್ಡ ಚರಿತ್ರೆಯೇ ಇದೆ. ಆದರೆ ಅದು ನಡೆದದ್ದು ಬಹುಪಾಲು ವಿಶ್ವವಿದ್ಯಾನಿಲಯದ ಹೊರಗೆ, ಅಥವಾ ಒಳಗಿದ್ದೂ ಅದರ ಲೆಕ್ಕಕ್ಕೆ ಬಾರದೆ. ಆ ಕೆಲಸವನ್ನು ಕೆಲವರ ಒಳ್ಳೆಯತನಕ್ಕೆ ಬಿಟ್ಟುಕೊಟ್ಟದ್ದೇ ನಮ್ಮ ಉನ್ನತ ಶಿಕ್ಷಣದ ಅತಿ ದೊಡ್ಡ ಲೋಪ ಎಂಬುದು ಈ ಲೇಖನದ ವಾದ.

ಪಕ್ಕದಲ್ಲಿ ಗುರುಗಳು ನಿಂತಿದ್ದರು ಎಂಬ ಉತ್ತರ ಕೂಡಲೇ ಬರುತ್ತದೆ. ಅದು ಸುಳ್ಳಲ್ಲ. 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟ ಎಸ್. ರಾಧಾಕೃಷ್ಣನ್ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಗಾಡಿಯನ್ನು ತಾವೇ ಎಳೆದು ರೈಲು ನಿಲ್ದಾಣ ಮುಟ್ಟಿಸಿದರು. ಟಿ.ಎಸ್. ವೆಂಕಣ್ಣಯ್ಯನವರು ಶಿಷ್ಯರಿಗೆ ಏನಾಗಿದ್ದರು ಎಂಬುದಕ್ಕೆ ಕುವೆಂಪು ತಮ್ಮ ಮಹಾಕಾವ್ಯವನ್ನು ಅವರಿಗೆ ಅರ್ಪಿಸಿದ್ದೇ ಸಾಕ್ಷಿ. ಇನ್ನೂ ಪ್ರಸಿದ್ಧವಾದದ್ದು 1924ರ ಪ್ರಸಂಗ. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಆಗಿನ್ನೂ ವಿದ್ಯಾರ್ಥಿಯಾಗಿದ್ದ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ನಿಮ್ಮ ನುಡಿಯಲ್ಲಿ ಬರೆಯಿರಿ ಎಂದು ಅವರು ಹೇಳಿ ಕಳಿಸಿದರು. ಆ ಒಂದು ಭೇಟಿಯಿಂದ ಕನ್ನಡಕ್ಕೆ ಏನು ದಕ್ಕಿತು ಎಂದು ವಿವರಿಸಬೇಕಾಗಿಲ್ಲ. ಅದೇ ವಿದ್ಯಾರ್ಥಿ 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಕನ್ನಡ ಮಾಧ್ಯಮದ ಪದವಿ ತರಗತಿಗಳಿಗೆ ದಾರಿ ಮಾಡಿದರು. ಈ ಪ್ರಸಂಗವನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ಸರಿಯೇ. ಆದರೆ ಸಂಸ್ಥೆಯ ಚರಿತ್ರೆ ಬರೆಯುವವರು ಇನ್ನೊಂದು ಮಾತನ್ನೂ ಕೇಳಬೇಕಾಗುತ್ತದೆ. ಕಸಿನ್ಸ್ ಆ ಊರಿಗೆ ಅತಿಥಿಯಾಗಿ ಬಂದವರು. ಅವರನ್ನು ಕಾಣಲು ಹುಡುಗ ಹೋದದ್ದು ತನ್ನ ಧೈರ್ಯದಿಂದ. ಆ ವಾರ ಅವರು ಬೇರೆ ಊರಿನಲ್ಲಿದ್ದಿದ್ದರೆ, ಅಥವಾ ಹುಡುಗ ಸಂಕೋಚದಿಂದ ಬಾಗಿಲಲ್ಲೇ ಹಿಂತಿರುಗಿದ್ದರೆ? ನಮಗೆ ಗೊತ್ತಿರುವುದು ದಾಟಿದವರ ಕಥೆಗಳು ಮಾತ್ರ. ಬಾಗಿಲಲ್ಲೇ ಹಿಂತಿರುಗಿದವರು ಆತ್ಮಕಥೆ ಬರೆಯಲಿಲ್ಲ. ಗುರುಗಳ ಔದಾರ್ಯವನ್ನು ದಾಟಿದವರ ನೆನಪಿನಿಂದಷ್ಟೇ ಅಳೆದರೆ ಅಳತೆ ತಪ್ಪುತ್ತದೆ.

ಬಾಗಿಲು ತಟ್ಟುವ ಧೈರ್ಯವಿಲ್ಲದವರ ಪಾಲಿಗೆ ಒದಗಿ ಬಂದದ್ದು ವಿದ್ಯಾರ್ಥಿ ನಿಲಯ. ಅದಕ್ಕೂ ಮೊದಲು ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ಓದಿದ ತಲೆಮಾರು ಅದು. ಆ ಏಳು ಮನೆಗಳಲ್ಲಿ ಅನ್ನದ ಜೊತೆಗೆ ವಕೀಲರು, ಗುಮಾಸ್ತರು, ಮೇಷ್ಟರುಗಳ ಮಾತೂ ಕಿವಿಗೆ ಬೀಳುತ್ತಿತ್ತು. ಯಾವ ಪರೀಕ್ಷೆ ಕಟ್ಟಬೇಕು, ಯಾವ ಕಚೇರಿಯಲ್ಲಿ ಜಾಗ ಖಾಲಿ ಇದೆ ಎಂಬುದು ಊಟದ ಎಲೆಯ ಮುಂದೆಯೇ ತಿಳಿಯುತ್ತಿತ್ತು. ಆದರೆ ಜಾತಿಯ ಮಡಿ ಈ ಮನೆಗಳ ಹೊಸ್ತಿಲನ್ನು ಬಹುಪಾಲು ಬ್ರಾಹ್ಮಣ ಹುಡುಗರಿಗಷ್ಟೇ ತೆರೆದಿಟ್ಟಿತ್ತು. ಉಳಿದ ಸಮುದಾಯಗಳು ತಮ್ಮ ಮಕ್ಕಳಿಗಾಗಿ ತಾವೇ ಮನೆ ಕಟ್ಟಬೇಕಾಯಿತು. 1905ರಲ್ಲಿ ಮೈಸೂರು ಸೀಮೆಯ ಲಿಂಗಾಯತ ವಿದ್ಯಾನಿಧಿ ಸಂಘ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿಕೊಂಡವು. ಬೆಂಗಳೂರಿನ ರೈಲು ನಿಲ್ದಾಣದ ಎದುರು ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ ಓದುವ ಹುಡುಗರಿಗೂ ನೆರಳಾಯಿತು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿ ಮಕ್ಕಳನ್ನು ಕಾಲೇಜು ದಾಟಿಸಿತು. ಸ್ವತಃ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದು 1930ರಲ್ಲಿ ಸನ್ಯಾಸ ಸ್ವೀಕರಿಸಿದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಿದ್ಧಗಂಗೆಯ ಉಚಿತ ನಿಲಯ ಸುಮಾರು 10,000 ಮಕ್ಕಳ ಮನೆಯಾಗಿ ಬೆಳೆಯಿತು. ಅಲ್ಲಿ ಶಾಲೆಯ ಮಕ್ಕಳೇ ಹೆಚ್ಚು, ಆದರೂ ಕಾಲೇಜಿನ ಮೆಟ್ಟಿಲಿಗೆ ಅವರನ್ನು ತಂದು ನಿಲ್ಲಿಸಿದ್ದು ಆ ಮನೆ. ಸರ್ಕಾರದ ಮಟ್ಟದಲ್ಲಿ 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿ ಹಿಂದುಳಿದ ಸಮುದಾಯಗಳಿಗೆ ಉದ್ಯೋಗದಲ್ಲಿ ಪಾಲು ಕೇಳುವುದರ ಜೊತೆಗೆ ವಿದ್ಯಾರ್ಥಿವೇತನ, ವಿದ್ಯಾರ್ಥಿ ನಿಲಯಗಳನ್ನೂ ಕೇಳಿತು. ಪಾಠ ಹೇಳುವುದಷ್ಟೇ ಸಾಲದು, ಓದುವವರಿಗೆ ನೆಲೆ ಬೇಕು ಎಂಬ ಅರಿವು ಆಡಳಿತಕ್ಕೆ ಅಷ್ಟು ಹಿಂದೆಯೇ ಬಂದಿತ್ತು.

ಈ ನಿಲಯಗಳನ್ನು ನಾವು ಅನ್ನ ಮತ್ತು ಸೂರಿನ ಲೆಕ್ಕದಲ್ಲೇ ನೋಡುತ್ತ ಬಂದಿದ್ದೇವೆ. ಅವು ಮಾಡಿದ ದೊಡ್ಡ ಕೆಲಸ ಬೇರೆಯದು. ಮೊದಲ ತಲೆಮಾರಿನ ಹುಡುಗ ಕಾಲೇಜಿಗೆ ಬಂದಾಗ ಅವನಿಗೆ ಕಡಿಮೆಯಾಗಿದ್ದದ್ದು ಬುದ್ಧಿಯಲ್ಲ, ಹಣವೊಂದೇ ಅಲ್ಲ. ಏನನ್ನು ಯಾರ ಹತ್ತಿರ ಕೇಳಬೇಕೆಂಬ ತಿಳಿವಳಿಕೆ. ಹಾಸ್ಟೆಲಿನ ಹಿರಿಯ ಹುಡುಗ ಅದನ್ನು ಕೊಟ್ಟ. ಯಾವ ಮೇಷ್ಟರ ನೋಟ್ಸು ಓದಬೇಕು, ಹಳೆಯ ಪ್ರಶ್ನೆಪತ್ರಿಕೆ ಎಲ್ಲಿ ಸಿಗುತ್ತದೆ, ಲೈಬ್ರರಿ ಕಾರ್ಡು ಮಾಡಿಸುವುದು ಹೇಗೆ, ಇಂಗ್ಲಿಷ್ ಪಾಠ ಅರ್ಥವಾಗದಿದ್ದರೆ ಮೊದಲ ಮೂರು ತಿಂಗಳು ಹೇಗೆ ತಡೆದುಕೊಳ್ಳಬೇಕು. ತನ್ನ ಹಳೆಯ ಪುಸ್ತಕಗಳನ್ನು ಮುಂದಿನವನಿಗೆ ಕೊಟ್ಟು ಹೋದ. ಇಂದು ಅಡ್ವೈಸಿಂಗ್, ಮೆಂಟರಿಂಗ್ ಎಂದು ಕರೆಯುವುದರ ತಿರುಳೆಲ್ಲ ಇದರಲ್ಲಿತ್ತು. ಜಾತಿವಾರು ನಿಲಯಗಳು ಸಮಾಜವನ್ನು ಒಡೆದವು, ಅವನ್ನು ಮಾದರಿಯೆಂದು ಎತ್ತಿ ಹಿಡಿಯಬಾರದು ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಅದರಲ್ಲಿ ಸತ್ಯಾಂಶವಿದೆ. ಒಂದೇ ಕಾಲೇಜಿನ ಹುಡುಗರು ಸಂಜೆಯಾದೊಡನೆ ಬೇರೆ ಬೇರೆ ಜಾತಿಯ ಊಟದ ಮನೆಗಳಿಗೆ ಹರಿದುಹೋಗುವುದು ಒಳ್ಳೆಯ ನೋಟವಲ್ಲ. ಸಂಖ್ಯೆಯಲ್ಲಿ ಚಿಕ್ಕವಾದ, ಮಠವಾಗಲಿ ಸಂಘವಾಗಲಿ ಇಲ್ಲದ ಸಮುದಾಯಗಳ ಮಕ್ಕಳಿಗೆ ಈ ಏರ್ಪಾಡಿನಿಂದ ಏನೂ ಸಿಗಲಿಲ್ಲ. 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗ ಎತ್ತಿ ತೋರಿಸಿದ್ದು ಇಂಥ ಸಮುದಾಯಗಳನ್ನೇ. ಆದರೆ ಈ ಆಕ್ಷೇಪದ ಮೊನೆ ನಿಲಯಗಳಿಗಿಂತ ಹೆಚ್ಚಾಗಿ ವಿಶ್ವವಿದ್ಯಾನಿಲಯಕ್ಕೆ ಚುಚ್ಚಬೇಕು. ಎಲ್ಲ ವಿದ್ಯಾರ್ಥಿಗಳಿಗೂ ತಾನು ಮಾಡಬೇಕಾಗಿದ್ದ ಕೆಲಸವನ್ನು ಅದು ಮಾಡದೇ ಬಿಟ್ಟಿದ್ದರಿಂದ ಜಾತಿ ಆ ಜಾಗವನ್ನು ತುಂಬಿತು.

ನಾಯಕತ್ವದ ತರಬೇತಿಯೂ ಅಲ್ಲಿಯೇ ನಡೆಯಿತು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನ ದಿನಗಳನ್ನು ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ತೆರೆದಿಡುತ್ತದೆ. ದಲಿತ ಹುಡುಗರು ಹಸಿವು, ಅವಮಾನಗಳ ನಡುವೆ ಓದಿದ, ಭಾಷಣ ಸ್ಪರ್ಧೆಗಳಿಗೆ ಓಡಾಡಿದ, ತಮ್ಮ ಕಷ್ಟಗಳಿಗೆ ತಾವೇ ದನಿಯಾಗಲು ಕಲಿತ ಜಾಗ ಅದು. 1970ರ ದಶಕದ ದಲಿತ ಚಳವಳಿಗೆ ಕಾರ್ಯಕರ್ತರು ಬಂದದ್ದು ಇಂಥ ಹಾಸ್ಟೆಲುಗಳ ಕೋಣೆಗಳಿಂದ. ಓದಿನ ಯಶಸ್ಸು ಒಂದು ಕಡೆ, ನಾಯಕತ್ವ ಇನ್ನೊಂದು ಕಡೆ ಎಂದು ಇಂದಿನ ಕಾಲೇಜು ಕ್ಯಾಲೆಂಡರುಗಳು ಬೇರ್ಪಡಿಸಿ ಇಡುತ್ತವೆ. ಹಾಸ್ಟೆಲಿನಲ್ಲಿ ಅವು ಬೇರೆಯಾಗಿರಲಿಲ್ಲ. ಕಿರಿಯನನ್ನು ಪಾಸು ಮಾಡಿಸುವ ಹೊಣೆ ಹೊತ್ತ ಹಿರಿಯನೇ ನಾಳೆ ಮೆಸ್ಸಿನ ಸಮಿತಿಯಲ್ಲಿ, ನಾಡಿದ್ದು ಸಭೆಯ ವೇದಿಕೆಯಲ್ಲಿ ಮಾತನಾಡುತ್ತಿದ್ದ. ಒಟ್ಟಿಗೆ ಕೂತು ಓದುವುದರ ಬಲ ಎಷ್ಟೆಂಬುದಕ್ಕೆ ದೂರದ ಬರ್ಕ್ಲಿಯಿಂದ ಒಂದು ಪುರಾವೆ ಇದೆ. 1970ರ ದಶಕದಲ್ಲಿ ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಏಕೆ ಸೋಲುತ್ತಿದ್ದಾರೆ ಎಂದು ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞ ಹುಡುಕಲು ಹೊರಟರು. ಅವರಿಗೆ ಆಸಕ್ತಿ ಇಲ್ಲ, ತಯಾರಿ ಸಾಲದು, ಮನೆಯ ಬೆಂಬಲವಿಲ್ಲ ಎಂದೆಲ್ಲ ಅಧ್ಯಾಪಕರು ನಂಬಿದ್ದರು. 20 ಮಂದಿ ಕಪ್ಪು ವಿದ್ಯಾರ್ಥಿಗಳ, 20 ಮಂದಿ ಚೀನೀ ಮೂಲದ ವಿದ್ಯಾರ್ಥಿಗಳ ದಿನಚರಿಯನ್ನು ಹತ್ತಿರದಿಂದ ನೋಡಿದಾಗ ಆ ನಂಬಿಕೆಗಳೆಲ್ಲ ಕಳಚಿಬಿದ್ದವು. ಚೀನೀ ವಿದ್ಯಾರ್ಥಿಗಳು ಸಂಜೆ ಒಟ್ಟಿಗೆ ಕೂತು ಲೆಕ್ಕ ಬಿಡಿಸುತ್ತಿದ್ದರು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಕಪ್ಪು ವಿದ್ಯಾರ್ಥಿಗಳು ಅಷ್ಟೇ ಶ್ರದ್ಧೆಯಿಂದ, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ತಾನು ಹಿಂದೆ ಬಿದ್ದಿದ್ದೇನೆ ಎಂದು ಪರೀಕ್ಷೆಯ ಫಲಿತಾಂಶ ಬರುವವರೆಗೂ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಟ್ರೈಸ್‌ಮನ್ ಈ ವಿದ್ಯಾರ್ಥಿಗಳಿಗಾಗಿ ಮನೆಪಾಠ ಏರ್ಪಡಿಸಲಿಲ್ಲ. ಕಠಿಣ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಕೂರಿಸಿದರು, ಫಲಿತಾಂಶ ಬದಲಾಯಿತು. ನಮ್ಮ ಹಾಸ್ಟೆಲಿನ ದೀಪದ ಕೆಳಗೆ ತಾನಾಗಿಯೇ ನಡೆಯುತ್ತಿದ್ದುದನ್ನು ಅವರು ಸಂಸ್ಥೆಯ ಕೆಲಸವಾಗಿ ಮಾಡಿ ತೋರಿಸಿದರು.

ಹೀಗೆ ಸಂಸ್ಥೆಯೇ ಈ ಹೊಣೆ ಹೊರಬೇಕೆಂದು ನಮಗೆ ಯಾರೂ ಹೇಳಲಿಲ್ಲವೆಂದಲ್ಲ. ಮೈಸೂರಿನ ಹುಡುಗರು ಗಾಡಿ ಎಳೆದು ಬೀಳ್ಕೊಟ್ಟ ಅದೇ ರಾಧಾಕೃಷ್ಣನ್ 1948-49ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದರು. ಚಿಕ್ಕ ಗುಂಪುಗಳ ಟ್ಯುಟೋರಿಯಲ್, ವಿದ್ಯಾರ್ಥಿ ಕ್ಷೇಮಕ್ಕೆ ಸಲಹಾ ಮಂಡಳಿ, ಅದಕ್ಕೊಬ್ಬ ಡೀನ್ ಬೇಕು ಎಂದು ಆ ವರದಿ ಹೇಳಿತು. 1964-66ರ ಕೊಠಾರಿ ಆಯೋಗ ಇನ್ನೂ ಮುಂದೆ ಹೋಗಿ, ಮಾರ್ಗದರ್ಶನ ಮತ್ತು ಆಪ್ತಸಲಹೆಗಳನ್ನು ದಯಾಧರ್ಮದ ಬಾಬತ್ತಾಗಿ ನೋಡಬಾರದು, ಅವು ಶಿಕ್ಷಣದ್ದೇ ಅಂಗ ಎಂದು ಹೇಳಿತು. ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟರು. ಹಳ್ಳಿಯ ಶಾಲೆಯಲ್ಲಿ ಬಿಡಾರ ಹೂಡಿ, ತಾವೇ ಅಡುಗೆ ಮಾಡಿಕೊಂಡು, ರಸ್ತೆ ಸಮ ಮಾಡಿ, ರಾತ್ರಿ ಊರವರೆದುರು ನಾಟಕ ಆಡುವ ಎನ್‌ಎಸ್‌ಎಸ್ ಶಿಬಿರ ಇಂದಿಗೂ ನಮ್ಮ ಪದವಿ ಕಾಲೇಜುಗಳಲ್ಲಿ ಉಳಿದಿರುವ ನಿಜವಾದ ನಾಯಕತ್ವದ ಪಾಠ. ಯೋಜನಾಧಿಕಾರಿ ಎಂಬ ಹೆಸರು, ಗುರುತು, ಶಿಬಿರಕ್ಕೊಂದು ಅನುದಾನ ಇದ್ದದ್ದರಿಂದಲೇ ಅದು ಉಳಿಯಿತು. ಟ್ಯುಟೋರಿಯಲ್ಲಿಗೆ, ಸಲಹೆಗೆ ಅಂಥದ್ದೇನೂ ಒದಗಲಿಲ್ಲ. ಅವು ವರದಿಯಲ್ಲೇ ಉಳಿದವು.

ಇದಕ್ಕೊಂದು ಅಪವಾದವಿದೆ. ಅದು ನಮ್ಮ ನಾಡಿನದೇ ಆದರೂ ಅದರ ಚರ್ಚೆ ನಡೆದದ್ದು ಕಡಿಮೆ. 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಆರಂಭವಾಯಿತು. ಕೆ.ಸಿ. ನಾಯಕ್ ಅದರ ಮೊದಲ ಕುಲಪತಿಗಳು. ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದ ನೆರವಿನೊಂದಿಗೆ ಬೆಳೆದ ಈ ಸಂಸ್ಥೆ ಅಲ್ಲಿಂದ ಬೀಜ, ಗೊಬ್ಬರಗಳ ತಿಳಿವಳಿಕೆಯ ಜೊತೆಗೆ ಇನ್ನೊಂದನ್ನೂ ತಂದಿತು. ಅದು ಅಡ್ವೈಸರ್ ಎಂಬ ಹುದ್ದೆಯಲ್ಲದ ಹೊಣೆ. ಕೃಷಿ ಕಾಲೇಜಿಗೆ ಸೇರಿದ ಪ್ರತಿಯೊಬ್ಬರಿಗೂ ಒಬ್ಬ ಅಧ್ಯಾಪಕರು ಸಲಹೆಗಾರರಾಗಿ ನೇಮಕವಾಗುತ್ತಾರೆ. ಅವಧಿ ಶುರುವಾಗುವ ದಿನ ವಿದ್ಯಾರ್ಥಿ ನೋಂದಣಿ ಕಾರ್ಡು ಹಿಡಿದು ಅವರ ಕೋಣೆಗೆ ಹೋಗಬೇಕು. ಯಾವ ಕೋರ್ಸು, ಎಷ್ಟು ಕ್ರೆಡಿಟ್ಟು, ಹಿಂದಿನ ಅವಧಿಯಲ್ಲಿ ಬಿದ್ದದ್ದು ಯಾವುದು, ಅದನ್ನು ಈಗ ಎತ್ತಿಕೊಂಡರೆ ಭಾರ ಎಷ್ಟಾಗುತ್ತದೆ, ಇದನ್ನೆಲ್ಲ ಮೇಜಿನ ಮೇಲೆ ಹರವಿಕೊಂಡು ನೋಡಿ ಅವರು ಸಹಿ ಹಾಕುತ್ತಾರೆ. ಆ ಸಹಿ ಇಲ್ಲದೆ ನೋಂದಣಿ ಪೂರ್ತಿಯಾಗದು. ಅಡ್ವೈಸರುಗಳೆಲ್ಲ ಒಂದೇ ಬಗೆಯ ಕಾಳಜಿಯವರಾಗಿರುವುದಿಲ್ಲ, ಕಣ್ಣಾಡಿಸದೆ ಸಹಿ ಹಾಕುವವರೂ ಇರುತ್ತಾರೆ. ಆದರೂ ವಿದ್ಯಾರ್ಥಿ ವರ್ಷಕ್ಕೆ ಎರಡು ಬಾರಿಯಾದರೂ ತನ್ನ ಹೆಸರಿನ ಕಾರ್ಡು ಹಿಡಿದು ಒಬ್ಬ ಹಿರಿಯರ ಎದುರು ಕೂರಲೇಬೇಕೆಂಬ ನಿಯಮದಲ್ಲಿ ದೊಡ್ಡ ವಿವೇಕವಿದೆ. ಬಾಗಿಲು ತಟ್ಟುವ ಧೈರ್ಯವನ್ನು ಆ ನಿಯಮ ವಿದ್ಯಾರ್ಥಿಯಿಂದ ಕೇಳುವುದಿಲ್ಲ, ಬಾಗಿಲನ್ನು ತಾನೇ ತೆರೆಸಿಡುತ್ತದೆ. ಕಲೆ, ವಾಣಿಜ್ಯ, ವಿಜ್ಞಾನದ ಲಕ್ಷಾಂತರ ವಿದ್ಯಾರ್ಥಿಗಳಿರುವ ನಮ್ಮ ಸಾಮಾನ್ಯ ವಿಶ್ವವಿದ್ಯಾಲಯಗಳು ಪಕ್ಕದ ಹೆಬ್ಬಾಳದಲ್ಲಿದ್ದ ಈ ಏರ್ಪಾಡನ್ನು ಕಣ್ಣೆತ್ತಿ ನೋಡಲಿಲ್ಲವೆಂಬುದು ಬೇಸರದ ಸಂಗತಿ.

ಅವು ನೋಡಿದ್ದು ಬಹಳ ತಡವಾಗಿ, ಅದೂ ಮೌಲ್ಯಾಂಕನದ ಒತ್ತಡದಿಂದ. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ನಾಗರಬಾವಿಯಿಂದ ಇಡೀ ದೇಶದ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್, ಒಬ್ಬ ಮೆಂಟರಿಗೆ ಎಷ್ಟು ವಿದ್ಯಾರ್ಥಿಗಳು ಎಂಬ ಅನುಪಾತವನ್ನು ತನ್ನ ಪ್ರಶ್ನಾವಳಿಯಲ್ಲಿ ಸೇರಿಸಿತು. ಕೇಳಿದ್ದು ಒಳ್ಳೆಯದೇ ಆಯಿತು. ಆದರೆ ವಿದ್ಯಾರ್ಥಿಗಳ ಸಂಖ್ಯೆಯನ್ನು ಅಧ್ಯಾಪಕರ ಸಂಖ್ಯೆಯಿಂದ ಭಾಗಿಸಿದರೆ ಅನುಪಾತ ಬಂದುಬಿಡುತ್ತದೆ. ಅವರು ಒಮ್ಮೆಯಾದರೂ ಭೇಟಿಯಾದರೇ ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ. ಅದಕ್ಕೆಂದು ಮೆಂಟರ್ ಡೈರಿ ಬಂದಿತು. ಹೆಸರು, ಮೊಬೈಲ್ ನಂಬರು, ತಂದೆ ತಾಯಿಯ ಕಸುಬು, ರಕ್ತದ ಗುಂಪು, ಪಿಯುಸಿಯ ಅಂಕ, ಕೊನೆಯಲ್ಲಿ ಭೇಟಿಯ ದಿನಾಂಕ ಮತ್ತು ಎರಡು ಸಹಿಗಳಿಗೆ ಗೆರೆ ಎಳೆದ ಖಾನೆ. ಈ ಖಾನೆಗಳನ್ನು ತುಂಬಬೇಕಾದ ಅಧ್ಯಾಪಕರ ಪರಿಸ್ಥಿತಿ ನೋಡಿ. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆಯ ಕಾರ್ಯಭಾರ. ಅದರಾಚೆಗೆ ಮೌಲ್ಯಮಾಪನ, ಪ್ರವೇಶ ಸಮಿತಿ, ಪರೀಕ್ಷಾ ಕೊಠಡಿ, ಪೋರ್ಟಲಿಗೆ ಅಂಕ ಏರಿಸುವ ಕೆಲಸ, ಚುನಾವಣೆ ಬಂದರೆ ಅದರ ಕರ್ತವ್ಯ. ರಾಜ್ಯದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದೇ 10,000ಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ತಿಳಿಯದವರು ಮೂರು ವರ್ಷ ಒಬ್ಬ ವಿದ್ಯಾರ್ಥಿಯ ಕೈ ಹಿಡಿಯುತ್ತೇನೆಂದು ಹೇಗೆ ಮಾತು ಕೊಟ್ಟಾರು? ಅಧ್ಯಾಪಕರಲ್ಲಿ ಹಿಂದಿನ ಕಾಳಜಿ ಉಳಿದಿಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ಕಾಳಜಿಗೆ ಕೂರಲು ಜಾಗ, ಒಂದಿಷ್ಟು ಹೊತ್ತು ಬೇಕಾಗುತ್ತದೆ. ನಾವು ಡೈರಿ ಕೊಟ್ಟೆವು, ಹೊತ್ತು ಕೊಡಲಿಲ್ಲ.

ಕಾಲೇಜಿಗೆ ಬರುವವರು ಹದಿನೆಂಟು ದಾಟಿದವರು, ಅವರಿಗೆ ಕೈತುತ್ತು ಹಾಕುವುದರಿಂದ ಸ್ವಂತ ಕಾಲಿನ ಬಲವೇ ಕುಗ್ಗುತ್ತದೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಹಿಂದಿನವರು ಯಾರ ನೆರವೂ ಇಲ್ಲದೆ ಬೀದಿದೀಪದಲ್ಲಿ ಓದಿ ಮೇಲೆ ಬರಲಿಲ್ಲವೇ ಎಂದು ಅದರ ಬಾಲಕ್ಕೊಂದು ಮಾತು ಸೇರುತ್ತದೆ. ಹಿಂದಿನವರಿಗೆ ನೆರವು ಇತ್ತು ಎಂಬುದನ್ನು ಏಳು ಮನೆಗಳ ಊಟವೂ ಹಾಸ್ಟೆಲಿನ ಹಿರಿಯನೂ ಆಗಲೇ ಹೇಳಿವೆ. ಇಂದಿಗೂ ಓದಿದ ಮನೆಯ ಮಕ್ಕಳಿಗೆ ಸಲಹೆಗಾರರಿಲ್ಲದೆ ಇಲ್ಲ. ಚಿಕ್ಕಪ್ಪ ಎಂಜಿನಿಯರು, ಅತ್ತೆ ಲೆಕ್ಚರರು, ಪಕ್ಕದ ಮನೆಯವರು ಬ್ಯಾಂಕಿನವರು. ಆ ಸಲಹೆ ಅವರ ಕಾಲಿನ ಬಲವನ್ನು ಕುಗ್ಗಿಸಿತೆಂದು ಯಾರೂ ದೂರುವುದಿಲ್ಲ. ಜೂನ್ ಜುಲೈ ತಿಂಗಳಲ್ಲಿ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಪ್ರವೇಶದ ಮೇಜಿನ ಎದುರು ಜೆರಾಕ್ಸ್ ಪ್ರತಿಗಳ ಕಟ್ಟು ಹಿಡಿದು ನಿಂತ ಹುಡುಗಿಯನ್ನು ಗಮನಿಸಿದರೆ ವ್ಯತ್ಯಾಸ ಕಾಣುತ್ತದೆ. ಯಾವ ಕಾಂಬಿನೇಷನ್ ಬೇಕಮ್ಮಾ ಎಂಬ ಪ್ರಶ್ನೆಗೆ ಅವಳು ಜೊತೆಗೆ ಬಂದ ಗೆಳತಿಯ ಮುಖ ನೋಡುತ್ತಾಳೆ, ಗೆಳತಿ ತೆಗೆದುಕೊಂಡದ್ದನ್ನೇ ತೆಗೆದುಕೊಳ್ಳುತ್ತಾಳೆ. ಮುಂದೆ ಯಾವ ಬಿ.ಇಡಿ.ಗೆ, ಯಾವ ಶಿಕ್ಷಕ ಹುದ್ದೆಗೆ ತಾನು ಅರ್ಹಳಾಗುತ್ತೇನೆ ಎಂಬುದು ಆ ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತಿದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಅದರ ಮೇಲೆ ಪಠ್ಯಕ್ರಮದ ಚೌಕಟ್ಟೂ ನಿಂತಲ್ಲಿ ನಿಲ್ಲಲಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂದಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಓಪನ್ ಎಲೆಕ್ಟಿವ್ ಎಂದರೇನು, ಯಾವ ವಿಷಯ ಬಿಟ್ಟರೆ ಯಾವ ಬಾಗಿಲು ಮುಚ್ಚುತ್ತದೆ ಎಂದು ಬಿಡಿಸಿ ಹೇಳುವವರಿಲ್ಲದೆ ಆಯ್ಕೆಯ ಸ್ವಾತಂತ್ರ್ಯ ಕೊಟ್ಟರೆ ಅದು ಗೊತ್ತಿರುವವರಿಗಷ್ಟೇ ಸ್ವಾತಂತ್ರ್ಯ. ಉನ್ನತ ಶಿಕ್ಷಣಕ್ಕೆ ಬರುವ ಯುವಜನರ ಪ್ರಮಾಣ 2021-22ರ ಅಖಿಲ ಭಾರತ ಸಮೀಕ್ಷೆಯಂತೆ ದೇಶದಲ್ಲಿ ಶೇ 28.4, ಕರ್ನಾಟಕದಲ್ಲಿ ಶೇ 36.2. ಹೊಸದಾಗಿ ಬರುತ್ತಿರುವವರಲ್ಲಿ ಬಹಳ ಮಂದಿಗೆ ಮನೆಯಲ್ಲಿ ಹೇಳುವವರಿಲ್ಲ. ಅವರ ಪಾಲಿನ ಚಿಕ್ಕಪ್ಪ, ಅತ್ತೆಯ ಜಾಗದಲ್ಲಿ ಕಾಲೇಜೇ ನಿಲ್ಲಬೇಕು.

ಇದಕ್ಕೆಲ್ಲ ದುಡ್ಡೆಲ್ಲಿಂದ ತರುವುದು, ಹೀಗೆ ಮಾಡಿದರೆ ಫಲ ಸಿಗುತ್ತದೆಂಬ ಖಾತರಿ ಏನು ಎಂದು ಆಡಳಿತ ನಡೆಸುವವರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಅತ್ಯಂತ ಗಟ್ಟಿಯಾದ ಉತ್ತರ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದಲ್ಲಿದೆ. 1847ರಲ್ಲಿ ಬಡವರ ಮಕ್ಕಳಿಗಾಗಿ ಉಚಿತ ಅಕಾಡೆಮಿಯಾಗಿ ಹುಟ್ಟಿ, 1970ರಲ್ಲಿ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಬಾಗಿಲು ತೆರೆದ ಸಂಸ್ಥೆ ಅದು. ಬಾಗಿಲು ತೆರೆಯುವುದು ಒಂದು, ಒಳಗೆ ಬಂದವರನ್ನು ಪದವಿ ಮುಟ್ಟಿಸುವುದು ಇನ್ನೊಂದು ಎಂದು ಅದು ಕಷ್ಟಪಟ್ಟು ಕಲಿತಿತು. 2007ರಲ್ಲಿ ಅದರ ಎರಡು ವರ್ಷದ ಕಾಲೇಜುಗಳಲ್ಲಿ ಅಸಾಪ್ ಎಂಬ ಕಾರ್ಯಕ್ರಮ ಶುರುವಾಯಿತು. ಸಾಮಾನ್ಯವಾಗಿ ಅಲ್ಲಿ ಒಬ್ಬ ಸಲಹೆಗಾರರ ಪಾಲಿಗೆ 600ರಿಂದ 1,500 ವಿದ್ಯಾರ್ಥಿಗಳಿದ್ದರೆ, ಈ ಕಾರ್ಯಕ್ರಮದಲ್ಲಿ 60ರಿಂದ 80. ಜೊತೆಗೆ ಶುಲ್ಕದ ಕೊರತೆ ತುಂಬುವ ನೆರವು, ಪಠ್ಯಪುಸ್ತಕ, ನಗರ ಸಾರಿಗೆಯ ಪಾಸು. ಪ್ರತಿಯಾಗಿ ವಿದ್ಯಾರ್ಥಿ ಪೂರ್ಣಾವಧಿ ಓದಬೇಕು, ಸಲಹೆಗಾರರನ್ನು ತಪ್ಪದೆ ಕಾಣಬೇಕು. ಬಡ ಕುಟುಂಬಗಳ, ಕಾಲೇಜಿನ ಓದಿಗೆ ಪೂರ್ವತಯಾರಿ ಸಾಲದೆಂದು ಗುರುತಿಸಿದ 896 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಮೂರು ವರ್ಷ ಹಿಂಬಾಲಿಸಿತು. ಕಾರ್ಯಕ್ರಮದಲ್ಲಿದ್ದವರಲ್ಲಿ ಶೇ 40 ಮಂದಿ ಪದವಿ ಮುಗಿಸಿದರು, ಹೊರಗಿದ್ದವರಲ್ಲಿ ಶೇ 22 ಮಾತ್ರ. ಪ್ರತಿ ವಿದ್ಯಾರ್ಥಿಗೆ ಮೂರು ವರ್ಷಗಳಲ್ಲಿ ಸುಮಾರು 16,300 ಡಾಲರು ಹೆಚ್ಚು ಖರ್ಚಾಯಿತು. ಆದರೆ ಪದವಿ ಮುಗಿಸಿದವರ ಸಂಖ್ಯೆ ಅಷ್ಟು ಏರಿದ್ದರಿಂದ ಒಂದು ಪದವಿಗೆ ತಗಲುವ ವೆಚ್ಚ ಕಡಿಮೆಯೇ ಆಯಿತು. ಒಂದು ಊರಿನ ಅದೃಷ್ಟ ಎಂದು ತಳ್ಳಿಹಾಕುವಂತಿಲ್ಲ, ಒಹಾಯೊ ರಾಜ್ಯದ ಮೂರು ಕಾಲೇಜುಗಳಲ್ಲೂ ಇದೇ ಪ್ರಯೋಗದಿಂದ ಪದವಿ ಪಡೆದವರ ಪ್ರಮಾಣ ಶೇ 19ರಿಂದ ಶೇ 35ಕ್ಕೆ ಏರಿತು.

ಆ ಫಲದಲ್ಲಿ ಪುಸ್ತಕ, ಪಾಸುಗಳ ಪಾಲೂ ಇದೆ, ಸಲಹೆಯ ಪಾಲನ್ನಷ್ಟೇ ಬೇರ್ಪಡಿಸಿ ಹೇಳಲಾಗದು. ಒಪ್ಪಬೇಕಾದ ಮಾತು. ಕರ್ನಾಟಕಕ್ಕೆ ಈ ಮಾತೇ ಹೆಚ್ಚು ಉಪಯುಕ್ತ. ಏಕೆಂದರೆ ಪದಾರ್ಥ ರೂಪದ ನೆರವಿನಲ್ಲಿ ನಾವು ಅಷ್ಟೇನೂ ಹಿಂದಿಲ್ಲ. ವಿದ್ಯಾರ್ಥಿ ಬಸ್ ಪಾಸು ಬಹಳ ಹಿಂದಿನಿಂದ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣವೇ ಉಚಿತ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳ ನೆರವು, ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲಿನಲ್ಲಿ ಹತ್ತಾರು ಯೋಜನೆ. ನ್ಯೂಯಾರ್ಕಿನ ಆ ಕಟ್ಟಿನಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದು ಒಂದೇ, ವಿದ್ಯಾರ್ಥಿಯ ಹೆಸರು ಹಿಡಿದು ಕರೆಯುವ ವ್ಯಕ್ತಿ. ಅವರಿಲ್ಲದೆ ಉಳಿದ ನೆರವೂ ಸೋರಿಹೋಗುತ್ತದೆ. ಆಧಾರ್‌ನಲ್ಲೊಂದು ಅಕ್ಷರ, ಅಂಕಪಟ್ಟಿಯಲ್ಲೊಂದು ಅಕ್ಷರ ಬೇರೆಯಾಗಿ ಅರ್ಜಿ ತಿರಸ್ಕೃತವಾದರೆ ಅದನ್ನು ಎಲ್ಲಿ ಸರಿಪಡಿಸಬೇಕೆಂದು ತಿಳಿಯದೆ ಸುಮ್ಮನಾಗುವವರೇ ಹೆಚ್ಚು. ಹಾಗಾದರೆ ಮೊಬೈಲಿಗೆ ಸಂದೇಶ ಕಳಿಸಿದರೆ ಸಾಲದೇ, ಒಂದು ಆ್ಯಪ್ ಮಾಡಿಸಿದರೆ ಆಗದೇ ಎನ್ನುವವರಿದ್ದಾರೆ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಸುಮಾರು 25,000 ವಿದ್ಯಾರ್ಥಿಗಳ ಮೇಲೆ ಐದು ವರ್ಷ ಇದನ್ನೇ ಪರೀಕ್ಷಿಸಿದರು. ಗುರಿ ಬರೆಸುವ ಆನ್‌ಲೈನ್ ಅಭ್ಯಾಸ, ಪ್ರೋತ್ಸಾಹದ ಸಂದೇಶಗಳು, ಓದಿನ ವೇಳಾಪಟ್ಟಿಯ ಸೂಚನೆಗಳು ಎಲ್ಲವನ್ನೂ ಕಳಿಸಿ ನೋಡಿದರು. ಅಂಕಗಳಲ್ಲಿ, ಓದು ಮುಂದುವರಿಸುವುದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ನೆನಪಿಸುವುದು ಸುಲಭ. ನೆನಪಿಸಿದವರಿಗೆ ಉತ್ತರ ಕೊಡಬೇಕೆಂಬ ಒಳಒತ್ತಾಯ ಹುಟ್ಟುವುದು ಎದುರಿಗೆ ಮನುಷ್ಯರಿದ್ದಾಗ.

ನಾಯಕತ್ವದ ವಿಷಯದಲ್ಲೂ ನಮ್ಮ ರೂಢಿ ತಿದ್ದಬೇಕಾಗಿದೆ. ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆಗಳು 1980ರ ದಶಕದ ಕೊನೆಯ ಹೊತ್ತಿಗೆ ನಿಂತುಹೋದ ಮೇಲೆ ತರಗತಿಯ ಪ್ರತಿನಿಧಿಯನ್ನು ಸಾಮಾನ್ಯವಾಗಿ ಅಂಕ ನೋಡಿ ಆರಿಸುತ್ತಾರೆ. ಗಲಾಟೆ ತಪ್ಪಿತು ಎಂಬುದು ನಿಜ. ಆದರೆ ಹೊಣೆ ಹೊರುವ ಅವಕಾಶ ಈಗಾಗಲೇ ಮುಂದಿರುವವರಿಗೇ ಹೋಯಿತು. ಹಾಸ್ಟೆಲು ಕಲಿಸಿದ ಪಾಠ ಬೇರೆ. ಮೊದಲ ವರ್ಷ ಒಂದು ವಿಷಯದಲ್ಲಿ ಬ್ಯಾಕ್ ಉಳಿಸಿಕೊಂಡು ಎರಡನೆಯ ವರ್ಷ ಅದನ್ನು ದಾಟಿದ ವಿದ್ಯಾರ್ಥಿಗೆ ಐದು ಮಂದಿ ಹೊಸಬರ ಹೊಣೆ ಕೊಟ್ಟರೆ, ಎಡವುವ ಕಲ್ಲು ಎಲ್ಲಿದೆಯೆಂದು ರ್‍ಯಾಂಕ್ ಬಂದವರಿಗಿಂತ ಚೆನ್ನಾಗಿ ಅವರು ತೋರಿಸಬಲ್ಲರು. ಅಧ್ಯಾಪಕರಿಗೆ ಮಾಡಿಕೊಡಬೇಕಾದದ್ದು ಅಳತೆಗೆ ಸಿಗುವ ಸಂಗತಿ. 16 ಗಂಟೆಗಳ ಕಾರ್ಯಭಾರದಲ್ಲಿ 2 ಗಂಟೆಯನ್ನು ಸಲಹೆಗೆಂದು ವೇಳಾಪಟ್ಟಿಯಲ್ಲೇ ಬರೆಯಬೇಕು, ಅತಿಥಿ ಉಪನ್ಯಾಸಕರಿಗೆ ಆ ಹೊತ್ತಿಗೂ ಗೌರವಧನ ಸಲ್ಲಬೇಕು. ಒಬ್ಬರಿಗೆ 20 ವಿದ್ಯಾರ್ಥಿಗಳೆಂದರೆ 16 ವಾರದ ಸೆಮಿಸ್ಟರಿನಲ್ಲಿ ತಲಾ 96 ನಿಮಿಷ ಸಿಗುತ್ತದೆ, ಅಂದರೆ 24 ನಿಮಿಷಗಳ ನಾಲ್ಕು ಭೇಟಿ. ಮೊದಲನೆಯದು ತರಗತಿ ಶುರುವಾದ ವಾರದಲ್ಲೇ, ಆರಿಸಿದ ವಿಷಯಗಳನ್ನೂ ವಿದ್ಯಾರ್ಥಿವೇತನದ ಅರ್ಜಿಯನ್ನೂ ಎದುರಿಗಿಟ್ಟುಕೊಂಡು. ಎರಡನೆಯದು ಮೊದಲ ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ, ತಪ್ಪಿದ್ದೆಲ್ಲಿ ಎಂದು ಪುಟ ತಿರುವಿ ನೋಡುತ್ತ. ಮೂರನೆಯದು ಹಾಜರಾತಿ ಶೇ 75ಕ್ಕಿಂತ ಕೆಳಗಿಳಿದವರ ಪಟ್ಟಿ ನೋಟಿಸ್ ಬೋರ್ಡಿಗೆ ಏರುವ ಮೊದಲು, ಮನೆಯಲ್ಲಿ ಏನು ನಡೆಯುತ್ತಿದೆ, ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಲಿಕ್ಕೆ. ನಾಲ್ಕನೆಯದು ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಒಂದು ವಾರ ಮುಂಚೆ.